ಮಧುಸೂದನ ವಾಪಸ್ ತಂದ ಇಪ್ಪತ್ತೈದು ನಿಮಿಷ

ಕುರುಗೋಡಿನಲ್ಲಿರುವ ಮಧುಸೂದನನ ಮನೆಯಲ್ಲಿ ಮೂರು ಗಡಿಯಾರಗಳಿವೆ, ಮೂರೂ ಸುಳ್ಳು ಹೇಳುತ್ತವೆ. ದೇವರಮನೆ ಬಾಗಿಲ ಮೇಲಿನದು ಹತ್ತು ನಿಮಿಷ ಮುಂದು, ಪಡಸಾಲೆಯದು ಹದಿನೈದು, ಅಡುಗೆಮನೆಯದು ಇಪ್ಪತ್ತೈದು. ಹಾಗೆಂದು ಅವು ಕೆಟ್ಟ ಗಡಿಯಾರಗಳೇನಲ್ಲ. ಮಧುಸೂದನನ ತಾಯಿ ಗಂಗಾಬಾಯಿಯವರು ಸ್ಟೂಲು ಹತ್ತಿ, ತಮ್ಮ ಕೈಯಾರೆ ಮುಂದೆ ತಿರುಗಿಸಿ ಇಟ್ಟವು. ರಾಹುಕಾಲ ಹುಟ್ಟುವ ಮೊದಲು ನೈವೇದ್ಯ ಆಗಬೇಕು, ಬಸ್ಸು ಹೊರಡುವ ಮೊದಲು ಮಗನ ಊಟ ಆಗಬೇಕು. ಸರಿಯಾದ ಗಡಿಯಾರ ಇಟ್ಟುಕೊಂಡ ಮನೆಯವರು ಯಾವ ಬಸ್ಸನ್ನೂ ಹಿಡಿದದ್ದನ್ನು ಎಂಬತ್ತು ವರ್ಷಗಳಲ್ಲಿ ತಾವು ಕಂಡಿಲ್ಲ ಎಂಬುದು ಅವರ ಮಾತು. ಗಡಿಯಾರ ಎಷ್ಟು ಮುಂದಿದೆ ಎಂಬುದು ಮನೆಗೆ ಬರುವ ಹಾಲಿನವಳಿಗೂ ಗೊತ್ತು. ಆದರೂ ಅದನ್ನು ನೋಡಿದೊಡನೆ ಎಲ್ಲರೂ ಓಡುತ್ತಾರೆ.

ಇಷ್ಟೆಲ್ಲ ಏರ್ಪಾಡಿದ್ದೂ ಮಧುಸೂದನ ಬಸ್ಸು ತಪ್ಪಿಸಿಕೊಳ್ಳುವುದರಲ್ಲಿ ನುರಿತವನು. ಹೆಣ್ಣು ನೋಡಲು ಹೊರಟ ಎರಡು ಸಲವೂ ಬಸ್ಸು ತಪ್ಪಿ, ಮೂರನೆಯ ಸಲ ಆ ಗೊಡವೆಯೇ ಬೇಡವೆಂದು ಕೈಬಿಟ್ಟ. ಈಗ ಐವತ್ತು ದಾಟಿದೆ. ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿರುವ ಹಗರಿ ತೀರದ ಭತ್ತ ಬೆಳೆಗಾರರ ಸಂಘದಲ್ಲಿ ಗುಮಾಸ್ತ. ದಿನಾ ಬೆಳಿಗ್ಗೆ ಕುರುಗೋಡಿನಿಂದ ಹೋಗುತ್ತಾನೆ, ಸಂಜೆ ಐದೂ ನಲವತ್ತರ ಬಸ್ಸು ಸಿಕ್ಕರೆ ಹೊತ್ತಿಗೆ ಸರಿಯಾಗಿ ಬರುತ್ತಾನೆ. ಸಿಗದಿದ್ದರೆ ಏಳು ಗಂಟೆಯ ಬಸ್ಸಿನಲ್ಲಿ ಕುರುಗೋಡಿನವರೆಗೆ ನಿಂತೇ ಬರುತ್ತಾನೆ.

ಸಂಘದ ದೊಡ್ಡ ಕೆಲಸವೆಂದರೆ ಪಾಳಿ. ಸುಗ್ಗಿಯಲ್ಲಿ ಹೊರಜಿಲ್ಲೆಯಿಂದ ಭತ್ತ ಕೊಯ್ಯುವ ಮಷಿನ್ನುಗಳು ಬರುತ್ತವೆ. ಯಾರ ಗದ್ದೆಗೆ ಮೊದಲು, ಯಾರ ಗದ್ದೆಗೆ ಆಮೇಲೆ ಎನ್ನುವ ಪಟ್ಟಿಯನ್ನು ಸಂಘ ಮಾಡುತ್ತದೆ. ಯಾರ ಪೈರು ಎಷ್ಟು ಮಾಗಿದೆ ಎಂದು ಹಳ್ಳಿಗಳಿಂದ ಫೋನು ಬಂದಂತೆಲ್ಲ ಆ ಪಟ್ಟಿ ದಿನಕ್ಕೆ ನಾಲ್ಕು ಸಲ ಬದಲಾಗುತ್ತದೆ. ಹಿಂದೆ ಉಚ್ಚೆಂಗೆಪ್ಪ ಎಂಬ ಹಿರಿಯ ನೌಕರ ಇದನ್ನು ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ಒರೆಸುತ್ತಿದ್ದ. ಅವನು ನಿವೃತ್ತನಾದ ಮೇಲೆ ಸಂಘಕ್ಕೆ ಹೊಸ ಕಾಲ ಬಂತು. ಪಟ್ಟಿ ಈಗ ಸಂಘದ ಕಚೇರಿಯಲ್ಲಿ ಇರುವುದಿಲ್ಲ. ಎಲ್ಲೋ ದೂರದ ಕಂಪನಿಯೊಂದರ ದೊಡ್ಡ ಯಂತ್ರಗಳಲ್ಲಿ, ಕ್ಲೌಡ್ ಎನ್ನುವ ಕಡೆ ಇರುತ್ತದೆ. ಮಧುಸೂದನನ ಮೇಜಿನ ಕಂಪ್ಯೂಟರಿನಲ್ಲಿರುವ ಒಂದು ಪ್ರೋಗ್ರಾಮು ಅಲ್ಲಿಗೆ ಹೋಗಿ, ತಾನು ಇಂಥವನು ಎಂದು ಗುರುತಿನ ಚೀಟಿ ತೋರಿಸುತ್ತದೆ. ಆ ಕಡೆಯವರು ಚೀಟಿಯನ್ನು ಒಪ್ಪಿದರೆ ಪಟ್ಟಿ ತೆರೆಯುತ್ತದೆ. ಅದನ್ನು ನೋಡಿ ಮಧುಸೂದನ ಸಿರುಗುಪ್ಪ ಮತ್ತು ಕುರುಗೋಡಿನ ಶಾಖೆಗಳಿಗೆ ಕಳಿಸುತ್ತಾನೆ. ಇಡೀ ಸಂಘದಲ್ಲಿ ಆ ಚೀಟಿ ಇರುವುದು ಅವನೊಬ್ಬನ ಕಂಪ್ಯೂಟರಿನಲ್ಲಿ.

ಇಂಥ ಹೊಣೆ ತಲೆಯ ಮೇಲೆ ಬಂದರೆ ಯಾರೇ ಆಗಲಿ ಸ್ವಲ್ಪ ಉಬ್ಬುತ್ತಾರೆ. ಬಸ್ಸುಗಳಿಗೆ ಊರಿನ ಹೆಸರು ಬರೆಯುವ ಪೇಂಟರನಿಂದ ಮಧುಸೂದನ ಒಂದು ಹಲಗೆ ಬರೆಸಿಕೊಂಡು ಮೇಜಿನ ಮೇಲಿಟ್ಟ: ‘ಮಧುಸೂದನಾಚಾರ್, ಡೇಟಾ ಅಧಿಕಾರಿ’. ಅಂಥ ಹುದ್ದೆ ಸಂಘದಲ್ಲಿ ಇರಲಿಲ್ಲ, ಇದ್ದರೂ ಅದನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಪೇಂಟರು ಅಭ್ಯಾಸಬಲದಿಂದ ಕೆಳಗೆ ‘ವಯಾ ಕೋಳೂರು’ ಎಂದು ಶುರುಮಾಡಿದ್ದನ್ನು ಅಳಿಸಿದ ಗುರುತು ಈಗಲೂ ಕಾಣುತ್ತದೆ. ಕರಿಹಲಗೆಯನ್ನು ತೆಗೆಸಿ ಪಕ್ಕದ ಒಗ್ಗರಣೆ-ಮಿರ್ಚಿ ಬಂಡಿಯ ಸಾವಂತ್ರಮ್ಮನಿಗೆ ಕೊಟ್ಟುಬಿಟ್ಟದ್ದೂ ಅವನೇ. ಅವಳು ಅದರ ಮೇಲೆ ಮಿರ್ಚಿ ಹಿಟ್ಟು ಕಲಸಿದ ಪಾತ್ರೆಗಳನ್ನು ಜೋಡಿಸುತ್ತಿದ್ದಳು.

ಹೊಸ ಕಾಲಕ್ಕೆ ಒಂದೇ ದೋಷವಿತ್ತು. ಪಟ್ಟಿ ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಒಂದೇ ವಾರದಲ್ಲಿ ಮೂರು ಸಲ ಬಸ್ಸು ತಪ್ಪಿತು. ಕಾರಣವೇನೆಂದು ಮಧುಸೂದನ ಶನಿವಾರ ಯೋಚಿಸಿದ, ಯೋಚಿಸುವಾಗ ಕಣ್ಣು ಕಂಪ್ಯೂಟರಿನ ಮೂಲೆಗೆ ಹೋಯಿತು. ಅಲ್ಲಿ ಒಂದು ಸಣ್ಣ ಗಡಿಯಾರ ಸರಿಯಾದ ವೇಳೆ ತೋರಿಸುತ್ತ ಕೂತಿತ್ತು. ಅವನ ಬದುಕಿನಲ್ಲಿದ್ದ ಏಕಮಾತ್ರ ಸತ್ಯವಂತ ಗಡಿಯಾರ ಅದು, ಎಲ್ಲ ಅನರ್ಥಕ್ಕೂ ಅದೇ ಮೂಲ ಎಂದು ಅವನಿಗೆ ಖಾತ್ರಿಯಾಯಿತು. ವೇಳೆ ತಾನಾಗಿ ಹೊಂದಿಕೊಳ್ಳಲಿ ಎಂಬ ಗುಂಡಿಯನ್ನು ಬಂದ್ ಮಾಡಿ, ಅಡುಗೆಮನೆಯ ಅಳತೆಯನ್ನೇ ಹಿಡಿದು, ಇಪ್ಪತ್ತೈದು ನಿಮಿಷ ಮುಂದಿಟ್ಟ. ಕೂಡಲೇ ಐದೂವರೆ ಆಯಿತು. ಮಧುಸೂದನ ಎಲ್ಲ ಬಿಟ್ಟು ಎದ್ದು ಓಡಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದ. ಮನೆಗೆ ಹೋಗಿ ಹೇಳಿದಾಗ ಗಂಗಾಬಾಯಿಯವರು ಮೊಟ್ಟಮೊದಲ ಬಾರಿಗೆ ಕಂಪ್ಯೂಟರಿನ ಬಗ್ಗೆ ಒಳ್ಳೆಯ ಮಾತಾಡಿದರು. ಈಗ ಅದು ಮನೆತನಕ್ಕೆ ಹೊಂದಿಕೊಂಡಿತು ಎಂದರು.

ಸೋಮವಾರ ಬೆಳಿಗ್ಗೆ ಸಿರುಗುಪ್ಪದಲ್ಲಿ ಮೂರು ಮಷಿನ್ನು ಬಂದು ನಿಂತಿದ್ದವು. ಸಮುದ್ರದ ಕಡೆ ವಾಯುಭಾರ ಕುಸಿದಿದೆ, ಬುಧವಾರ ಮಳೆ ಎಂದು ಸುದ್ದಿ ಬಂದಿತ್ತು. ಮಾಗಿದ ಭತ್ತ ಬಾಗಿ ನಿಂತಿರುವಾಗ ಮಳೆ ಬಿದ್ದರೆ ತೆನೆ ಕೆಸರಿಗೆ ಮಲಗುತ್ತದೆ, ಮಲಗಿದ ತೆನೆ ಬಿದ್ದಲ್ಲೇ ಮೊಳೆಯುತ್ತದೆ. ಹೋದ ವರ್ಷ ಪಾಳಿಯ ಜಗಳದಲ್ಲಿ ಇಬ್ಬರು ಮಷಿನ್ನಿಗೆ ಅಡ್ಡ ಮಲಗಿದ್ದರಿಂದ, ಈ ಸಲ ಸಂಘದ ಪಟ್ಟಿ ಕೈಗೆ ಬರುವ ತನಕ ಗದ್ದೆಗೆ ಗಾಲಿ ಇಳಿಸುವುದಿಲ್ಲ ಎಂದು ಮಷಿನ್ನಿನ ಮಾಲೀಕ ಮೊದಲೇ ಹೇಳಿದ್ದ. ಮಧ್ಯಾಹ್ನ ಒಂದು ಗಂಟೆಯವರೆಗೆ ಕಾಯುತ್ತೇನೆ, ಬರದಿದ್ದರೆ ಹೊಳೆ ದಾಟಿ ಬೇರೆ ಜಿಲ್ಲೆಗೆ ಹೋಗುತ್ತೇನೆ ಎಂದೂ ಹೇಳಿದ್ದ.

ಮಧುಸೂದನ ಕಂಪ್ಯೂಟರು ಹಚ್ಚಿ ಪ್ರೋಗ್ರಾಮು ತೆರೆದ. ಪಟ್ಟಿಯ ಬದಲು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂತು. ಮೂವತ್ತು ವರ್ಷ ಗುಮಾಸ್ತನಾಗಿದ್ದವನು ಕಾಗದದಲ್ಲಿ ‘ವಿಷಯ’ ಎಂಬ ಸಾಲನ್ನು ಮಾತ್ರ ಓದುತ್ತಾನೆ. ಮಧುಸೂದನ ಮೊದಲ ಸಾಲು ಓದಿದ: ಸಂಪರ್ಕ ಸಾಧ್ಯವಾಗಲಿಲ್ಲ. ಉಳಿದ ಮೂರು ಸಾಲು ಮುಲಾಜಿನ ಮಾತಿರಬೇಕೆಂದು ಬಿಟ್ಟ.

ಅಷ್ಟರಲ್ಲಿ ಸಿರುಗುಪ್ಪ ಶಾಖೆಯ ವಿರೂಪಮ್ಮ ಫೋನು ಮಾಡಿದಳು. ಪಟ್ಟಿ ಎಲ್ಲಿ ಎಂದು ಕೇಳಿದಳು. ನನಗೆ ಗೊತ್ತಾಗುತ್ತಿಲ್ಲ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೇಜಿನ ಮೇಲೆ ಹಲಗೆ ಇತ್ತಲ್ಲ. ಮೇಲಿನ ಮಟ್ಟದಲ್ಲಿ ಪರಿಶೀಲನೆ ನಡೆದಿದೆ ಎಂದು ಡೇಟಾ ಅಧಿಕಾರಿ ಉತ್ತರಿಸಿದ.

ಆಮೇಲೆ ಅವನು ತನ್ನ ಪರಿಶೀಲನೆ ಶುರುಮಾಡಿದ. ಕಂಪ್ಯೂಟರನ್ನು ಆರಿಸಿ ಹಚ್ಚಿದ. ಪ್ರವಚನದ ವಿಡಿಯೋ ಹಾಕಿ ಇಂಟರ್ನೆಟ್ಟು ಸರಿಯಿದೆಯೇ ನೋಡಿದ, ಪ್ರವಚನ ಚೆನ್ನಾಗಿಯೇ ನಡೆಯಿತು. ಗೋಡೆಯ ಮೇಲಿನ ಇಂಟರ್ನೆಟ್ ಡಬ್ಬಿಯನ್ನು ಹತ್ತು ನಿಮಿಷ ಆರಿಸಿಟ್ಟ. ಆ ಹತ್ತು ನಿಮಿಷದಲ್ಲಿ ಸಾವಂತ್ರಮ್ಮನ ಬಂಡಿಯಲ್ಲಿ ಹಣ ಬಂತೆಂದು ಕೂಗುವ ಪೆಟ್ಟಿಗೆ ಸುಮ್ಮನಾಯಿತು. ಅದಕ್ಕೆ ಇಂಟರ್ನೆಟ್ಟು ಹೋಗುತ್ತಿದ್ದದ್ದು ಸಂಘದ ಡಬ್ಬಿಯಿಂದ, ಕರಿಹಲಗೆ ಕೊಟ್ಟ ದಿನವೇ ಅವಳು ಅದನ್ನೂ ಕೇಳಿ ಪಡೆದಿದ್ದಳು. ಎಣ್ಣೆ ಸೋರುವ ಜಾಲರಿ ಸೌಟು ಹಿಡಿದುಕೊಂಡೇ ಒಳಗೆ ಬಂದ ಅವಳು, ನಾಲ್ಕು ಜನ ತಿಂದು ಫೋನು ತೋರಿಸಿ ಹೋದರು, ಅವರಲ್ಲಿ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ಡೇಟಾ ಅಧಿಕಾರಿಯೇ ಹೇಳಬೇಕು ಎಂದು ಪಟ್ಟುಹಿಡಿದಳು. ಮಧುಸೂದನ ಡಬ್ಬಿ ಹಚ್ಚಿದ. ಸಂಪರ್ಕ ಸಾಧ್ಯವಾಗಲಿಲ್ಲ ಎಂಬ ಸಾಲು ಮಾತ್ರ ಕದಲಲಿಲ್ಲ.

ಕೊನೆಗೆ ಶ್ರೀವಾಣಿಗೆ ಫೋನು ಮಾಡಿದ. ಶ್ರೀವಾಣಿ ಅವನ ಅಕ್ಕನ ಮಗಳು. ಬಳ್ಳಾರಿಯಲ್ಲೇ ಸಣ್ಣ ಕಂಪ್ಯೂಟರ್ ಕಚೇರಿ ನಡೆಸುತ್ತ, ಸಂಘದ ಈ ವ್ಯವಸ್ಥೆಯನ್ನೆಲ್ಲ ಕೂರಿಸಿಕೊಟ್ಟವಳು ಅವಳೇ. ಆ ದಿನ ಹೊಸಪೇಟೆಯಲ್ಲಿ ಗೆಳತಿಯ ಮದುವೆಗೆ ಹೋಗಿದ್ದಳು. ಫೋನಿನಲ್ಲಿ ಅವಳ ಮಾತಿಗಿಂತ ವಾಲಗವೇ ಜಾಸ್ತಿ ಕೇಳುತ್ತಿತ್ತು. ಅವಳು ಒಂದೊಂದಾಗಿ ಕೇಳಿದಳು: ಇಂಟರ್ನೆಟ್ ಇದೆಯೇ, ಚೀಟಿಯ ಕಡತ ಇದ್ದಲ್ಲೇ ಇದೆಯೇ, ಪಟ್ಟಿ ಇರುವ ಕಡೆಯ ವಿಳಾಸ ಬದಲಾಗಿದೆಯೇ. ಎಲ್ಲ ಸರಿಯಿತ್ತು. ಪರದೆಯ ಮೇಲೆ ಬಂದದ್ದನ್ನು ಓದಿ ಎಂದಾಗ ಮಧುಸೂದನ ‘ವಿಷಯ’ ಓದಿದ. ಆಗ ಅವಳು ಮುಖ್ಯವಾದ ಪ್ರಶ್ನೆ ಕೇಳಿದಳು.

“ಮಾಮ, ಶನಿವಾರ ಮಧ್ಯಾಹ್ನ ಸರಿಯಿತ್ತಲ್ಲ. ಆಮ್ಯಾಲೆ ಕಂಪ್ಯೂಟರಿನಾಗ ಏನರೆ ಬದಲು ಮಾಡೀರೇನು?”

“ಏನೂ ಇಲ್ಲವಾ. ಕೈನೇ ಹಚ್ಚಿಲ್ಲ.”

ಇದು ಸುಳ್ಳಲ್ಲ ಎಂದು ಇಲ್ಲಿ ಸ್ಪಷ್ಟಪಡಿಸಬೇಕು. ಮಧುಸೂದನ ಸುಳ್ಳಾಡುವವನಲ್ಲ. ಗಡಿಯಾರ ಮುಂದಿಡುವುದು ಅವನ ಮಟ್ಟಿಗೆ ಕಂಪ್ಯೂಟರಿನ ವಿಷಯವಾಗಿರಲಿಲ್ಲ, ಅದು ಸ್ನಾನ-ಸಂಧ್ಯಾವಂದನೆಗಳ ಹಾಗೆ ಮನೆಯ ವಿಷಯವಾಗಿತ್ತು. ಇತ್ತ ಶ್ರೀವಾಣಿಗೆ ತಲೆಕೆಟ್ಟಿತು. ಏನೂ ಬದಲಾಗದೆ ಹೀಗಾಗಬೇಕಾದರೆ ಹೊರಗಿನವರು ಯಾರೋ ಒಳಗೆ ಕೈಹಾಕಿರಬಹುದು, ಕಂಪನಿಗೆ ಬರೆದು ಕೇಳುತ್ತೇನೆ ಎಂದಳು. ಮಧುಸೂದನ ಅದನ್ನು ಇನ್ನಷ್ಟು ಗಂಭೀರ ಮಾಡಿ, ಹೊರಗಿನವರ ಕೈವಾಡ ಇದೆ ಎಂದು ವಿರೂಪಮ್ಮನಿಗೆ ತಿಳಿಸಿದ.

ವಿರೂಪಮ್ಮ ಒಳ್ಳೆಯವಳು, ಆದರೆ ಅವಳ ಸುತ್ತ ಅರವತ್ತು ಜನ ರೈತರು ನಿಂತಿದ್ದರು. ಹೊರಗಿನವರು ಎಂದರೆ ಯಾರು ಎಂಬ ಪ್ರಶ್ನೆ ಎದ್ದಿತು. ಸಂಘದ ಅಧ್ಯಕ್ಷ ಚನ್ನಬಸವ ಯಾವ ಊರವನು, ಕುರುಗೋಡಿನವನು. ಪಟ್ಟಿ ಇಟ್ಟುಕೊಂಡ ಆಚಾರ್ರು ಯಾವ ಊರಿನವರು, ಅವರೂ ಕುರುಗೋಡಿನವರೇ. ಮಳೆ ಬರುವ ಮೊದಲು ಮಷಿನ್ನುಗಳನ್ನು ಕುರುಗೋಡಿಗೆ ಎಳೆದುಕೊಳ್ಳಲು ಸಿರುಗುಪ್ಪದ ಪಟ್ಟಿಯನ್ನು ತಡೆದಿದ್ದಾರೆ ಎಂದು ಹತ್ತೇ ನಿಮಿಷದಲ್ಲಿ ತೀರ್ಮಾನವಾಯಿತು. ಒಬ್ಬ ನಂಬಿಗಸ್ತ ಬಳ್ಳಾರಿಗೆ ಹೋಗಿ, ಕಂಪ್ಯೂಟರಿನ ಮುಂದೆ ಕೂತು, ಕಣ್ಣಾರೆ ನೋಡಬೇಕು ಎಂದು ಠರಾವಾಯಿತು. ದೇಶನೂರಿನ ಎರ್ರೆಪ್ಪ ಮೋಟಾರ್ ಸೈಕಲ್ ಹತ್ತಿದ.

ಎರ್ರೆಪ್ಪ ಅರವತ್ತರ ಹತ್ತಿರದವನು, ಮಾತು ಕಡಿಮೆ. ಆರು ಎಕರೆ ಭತ್ತ, ಹೊಲದ ಬದುವಿನವರೆಗೂ ಬಂಗಾರದ ಬಣ್ಣಕ್ಕೆ ತಿರುಗಿ ನಿಂತಿತ್ತು. ಶನಿವಾರದ ಪಟ್ಟಿಯಲ್ಲಿ ತಾನು ಮೂರನೆಯವನು ಎಂದು ಅವನಿಗೆ ಗೊತ್ತಿತ್ತು. ಪಟ್ಟಿಯೇ ಇಲ್ಲದಿದ್ದರೆ ಮಷಿನ್ನು ದೊಡ್ಡ ದನಿಯವರ ಗದ್ದೆಗೆ ಹೋಗುತ್ತದೆ ಎಂದೂ ಗೊತ್ತಿತ್ತು. ಬಂದವನೇ ಚಪ್ಪಲಿ ಹೊರಗೆ ಬಿಟ್ಟು, ಮಧುಸೂದನನ ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತ.

“ಸ್ವಾಮಿ, ನಾ ಜಗಳಕ್ಕ ಬಂದಿಲ್ಲ. ನಂದು ನೆಲ್ಲು ಬಾಗಿ ನಿಂತೈತಿ. ನಾಡದು ಮಳಿ ಅಂತಾರ. ಪಟ್ಟಿ ಬಂದ್ರ ನೋಡಿ ಹೋಕ್ಕೀನಿ, ಅಷ್ಟ.”

ಬೈದಿದ್ದರೆ ಮಧುಸೂದನ ಹೇಗೋ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಮೇಜಿನ ಮೇಲಿದ್ದ ಹಲಗೆಯನ್ನು ಮೆಲ್ಲಗೆ ಬೋರಲು ಹಾಕಿದ. ಬೆವರು ಒರೆಸಿಕೊಳ್ಳುತ್ತ ಗುಂಡಿಯ ಮೇಲೆ ಗುಂಡಿ ಒತ್ತಿದ. ಪರದೆ ಪ್ರತಿ ಸಲವೂ ಅದೇ ನಾಲ್ಕು ಸಾಲು ತೋರಿಸಿತು.

ಸಿರುಗುಪ್ಪದಿಂದ ಬಂದ ನಲವತ್ತು ಫೋನುಗಳಿಗೆ ಉತ್ತರ ಕೊಟ್ಟು ಬೆವೆತ ಅಧ್ಯಕ್ಷ ಚನ್ನಬಸವ, ಜೀಪಿನಲ್ಲಿ ಬಂದಿಳಿದ. ದಾರಿಯಲ್ಲಿ ತನ್ನ ದೂರದ ಬೀಗನೂ ಹೆಡ್ ಕಾನ್‌ಸ್ಟೇಬಲ್ಲೂ ಆದ ವೀರಭದ್ರನನ್ನು ಕೂರಿಸಿಕೊಂಡು ಬಂದಿದ್ದ. ಹೊರಗಿನವರ ಕೈವಾಡ ಎಂದ ಮೇಲೆ ದೂರು ಬರೆಸುವುದು ಒಳ್ಳೆಯದು, ಕುರುಗೋಡಿನ ಮೇಲಿನ ಅಪವಾದವಾದರೂ ತಪ್ಪುತ್ತದೆ ಎಂಬುದು ಅವನ ಲೆಕ್ಕ. ವೀರಭದ್ರ ಹಾಳೆ ತೆಗೆದ.

“ಕಳುವಾಗಿದ್ದು ಏನ್ರಿ?”

“ಪಾಳಿ ಪಟ್ಟಿ.”

“ಎಲ್ಲಿಂದ ಕಳುವಾತು?”

“ಎಲ್ಲಿಂದಾನೂ ಇಲ್ಲ. ಎಲ್ಲಿತ್ತೋ ಅಲ್ಲೇ ಅದ,” ಎಂದ ಮಧುಸೂದನ. “ಅದು ನಮ್ಮನ್ನ ಒಳಗ ಬಿಡವಲ್ದು.”

ವೀರಭದ್ರ ಪೆನ್ನು ಕೆಳಗಿಟ್ಟು ಯೋಚಿಸಿದ. ವಸ್ತು ಇದ್ದ ಜಾಗದಲ್ಲೇ ಇದ್ದು, ಮಾಲೀಕರು ಹೊರಗುಳಿದಿದ್ದರೆ, ಕಾನೂನಿನ ಪ್ರಕಾರ ಕಳುವಾದದ್ದು ಮಾಲೀಕರೇ ಆಗಬೇಕಾಗುತ್ತದೆ ಎಂದ. ಚನ್ನಬಸವನಿಗೆ ಇದು ಸರಿಬೀಳಲಿಲ್ಲ. ಸಾವಂತ್ರಮ್ಮ ಬಾಗಿಲಲ್ಲಿ ನಿಂತು, ಬೆಳಿಗ್ಗೆ ತನ್ನ ನಾಲ್ಕು ಪ್ಲೇಟು ಮಿರ್ಚಿಗೂ ಇದೇ ದೂರಿನಲ್ಲಿ ಜಾಗ ಮಾಡಿ ಎಂದಳು. ಕೊನೆಗೆ ವೀರಭದ್ರ ಏನು, ಎಲ್ಲಿ ಎಂಬ ಕಾಲಂಗಳನ್ನು ಖಾಲಿ ಬಿಟ್ಟು, ದೂರು ಬರೆದ ವೇಳೆಯನ್ನಾದರೂ ತುಂಬುತ್ತೇನೆಂದು ಕಂಪ್ಯೂಟರಿನ ಮೂಲೆ ನೋಡಿದ. ಹನ್ನೆರಡು ಮೂವತ್ತೊಂದು. ಕೈಗಡಿಯಾರ ನೋಡಿದ. ಹನ್ನೆರಡು ಆರು. ಅದನ್ನು ಎರಡು ಸಲ ತಟ್ಟಿ, ಕಿವಿಗೆ ಹಿಡಿದು, ಹೆಂಡತಿಯ ತವರಿನವರು ಕೊಟ್ಟದ್ದು ಇಷ್ಟೇ ಎಂದು ಗೊಣಗಿ, ಕಂಪ್ಯೂಟರಿಗೆ ಸರಿಯಾಗಿ ತಿರುಗಿಸಿಕೊಂಡ. ಅದನ್ನು ನೋಡಿ ಚನ್ನಬಸವನೂ ತನ್ನದನ್ನು ತಿರುಗಿಸಿಕೊಂಡ. ಹೀಗೆ ಗಂಗಾಬಾಯಿಯವರ ಅಡುಗೆಮನೆಯ ವೇಳೆ ಬಳ್ಳಾರಿಯ ಪೊಲೀಸ್ ಇಲಾಖೆಯನ್ನೂ ಸಹಕಾರ ಕ್ಷೇತ್ರವನ್ನೂ ಒಟ್ಟಿಗೆ ಆವರಿಸಿತು.

ಮಧುಸೂದನ ಮತ್ತೆ ಶ್ರೀವಾಣಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ದನಿ ಜೋರು ಮಾಡಿ ಮೇಜಿನ ಮೇಲಿಟ್ಟ. ಕಂಪನಿಯವರು ತಮ್ಮ ಕಡೆ ಏನೂ ತಪ್ಪಿಲ್ಲ ಎನ್ನುತ್ತಾರೆ ಎಂದು ಅವಳು ವಾಲಗದ ನಡುವೆ ಹೇಳುತ್ತಿದ್ದಳು. ಎರ್ರೆಪ್ಪ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅವನ ಕಣ್ಣು ಪರದೆಯ ಮೂಲೆಯಲ್ಲಿ ನೆಟ್ಟಿತ್ತು. ಅಲ್ಲಿ ಒಂದು ಗಂಟೆ ಆಯಿತು. ಆಮೇಲೆ ಒಂದು ನಿಮಿಷವೂ ಆಯಿತು. ಎರ್ರೆಪ್ಪ ತಲೆಯ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ಅವನು ಒರೆಸಿದ್ದು ಬೆವರನ್ನಲ್ಲ ಎಂದು ಎಲ್ಲರಿಗೂ ಕಂಡಿತು.

“ಒಂದು ಹೊಡೀತು. ನಂದು ಮುಗೀತು ಬಿಡ್ರಿ,” ಎಂದ.

ಎರ್ರೆಪ್ಪ ಅಂಗಿಯ ಜೇಬಿನಿಂದ ಗುಂಡಿಯ ಫೋನು ತೆಗೆದು ವಿರೂಪಮ್ಮನಿಗೆ ಹಚ್ಚಿ, ಮಷಿನ್ನು ಯಾವ ಕಡೆ ಹೋದವು ಎಂದು ಕೇಳಿದ. ಆ ಕಡೆಯಿಂದ ವಿರೂಪಮ್ಮನ ದನಿ ಕೋಣೆಗೆಲ್ಲ ಕೇಳಿಸಿತು. “ಎಲ್ಲಿ ಹೋಗ್ತಾವು ಮಾವ. ಇನ್ನ ಹನ್ನೆರಡೂ ಮೂವತ್ತಾರು. ಮಾಲೀಕ ಊಟಕ್ಕ ಕುಂತಾನ.”

ಎರ್ರೆಪ್ಪ ಪರದೆ ನೋಡಿದ. ಪೊಲೀಸರ ಕೈ ನೋಡಿದ. ಅಧ್ಯಕ್ಷರ ಕೈ ನೋಡಿದ. ಮೂರೂ ಕಡೆ ಒಂದು ಗಂಟೆ ದಾಟಿತ್ತು.

“ಸ್ವಾಮಿ, ಬಳ್ಳಾರಿಯಾಗ ಒಂದು ಗಂಟಿ, ಸಿರುಗುಪ್ಪದಾಗ ಹನ್ನೆರಡೂವರಿ. ಐವತ್ತೈದು ಕಿಲೋಮೀಟರಿಗೆ ಇಷ್ಟು ಫರಕ್ ಬರತೈತೇನು?”

ಕಂಪ್ಯೂಟರಿನ ವೇಳೆ ತಪ್ಪಾಗಲು ಸಾಧ್ಯವಿಲ್ಲ, ಸಿರುಗುಪ್ಪವೇ ಹಿಂದಿರಬೇಕು ಎಂದು ವೀರಭದ್ರ ಅಭಿಪ್ರಾಯಪಟ್ಟ. ಸಿರುಗುಪ್ಪ ಹಿಂದೆ ಎಂಬುದನ್ನು ಕುರುಗೋಡಿನ ಚನ್ನಬಸವ ಕೂಡಲೇ ಒಪ್ಪಿದ. ಆದರೆ ಮೇಜಿನ ಮೇಲಿನ ಫೋನಿನಲ್ಲಿ ವಾಲಗ ಥಟ್ಟನೆ ದೂರವಾಯಿತು. ಶ್ರೀವಾಣಿ ಮಂಟಪ ಬಿಟ್ಟು ಹೊರಗೆ ಬಂದಿದ್ದಳು.

“ಮಾಮ, ಪರದೆ ಮ್ಯಾಲಿಂದು ನಾಲ್ಕೂ ಸಾಲು ಓದ್ರಿ.”

ಮಧುಸೂದನ ಬೆಳಗಿನಿಂದ ಮೊದಲ ಬಾರಿಗೆ ಕೆಳಗಿನ ಸಾಲುಗಳನ್ನು ಓದಿದ. ನಿಮ್ಮ ಚೀಟಿಯ ಮೇಲಿರುವ ವೇಳೆ ಇನ್ನೂ ಬಂದಿಲ್ಲ ಎಂದು ಅಲ್ಲಿ ಬರೆದಿತ್ತು.

“ಮಾಮ, ಗಡಿಯಾರ ಮುಂದ ಇಟ್ಟೀರೇನು?”

“ಗಡಿಯಾರ ಅಷ್ಟೇ ಇಟ್ಟೀನವಾ. ಕಂಪ್ಯೂಟರಿಗೆ ಕೈ ಹಚ್ಚಿಲ್ಲ.”

ಶ್ರೀವಾಣಿ ಬೈಯದೆ, ನಗದೆ ವಿವರಿಸಿದಳು. ಪ್ರತಿ ಸಲ ಹೋಗುವಾಗ ಕಂಪ್ಯೂಟರು ಆ ಗುರುತಿನ ಕಡತದಿಂದ ಹೊಸ ಚೀಟಿ ಬರೆದು, ಅದರ ಮೇಲೆ ತನ್ನ ವೇಳೆಯನ್ನೂ ಬರೆಯುತ್ತದೆ. ಆ ಕಡೆಯವರು ಅದನ್ನು ತಮ್ಮ ವೇಳೆಗೆ ತಾಳೆ ನೋಡುತ್ತಾರೆ. ಹನ್ನೆರಡೂವರೆಗೆ ಹೋಗಿ ಒಂದು ಗಂಟೆಗೆ ಬರೆದ ಚೀಟಿ ಕೊಟ್ಟರೆ ಕಳ್ಳ ಚೀಟಿ ಎಂದು ಬಾಗಿಲು ಹಾಕುತ್ತಾರೆ. ಈಗ ಗುಂಡಿಯನ್ನು ಮೊದಲಿನ ಹಾಗೆ ಮಾಡಿ ಎಂದಳು. ಮಧುಸೂದನ ಒತ್ತಿದ. ಒಂದು ಗಂಟೆ ನಾಲ್ಕು ನಿಮಿಷವಿದ್ದದ್ದು ಹನ್ನೆರಡು ಮೂವತ್ತೊಂಬತ್ತಾಯಿತು. ಪ್ರೋಗ್ರಾಮು ತೆರೆದ. ಪಟ್ಟಿ, ಏನೂ ಆಗಿಯೇ ಇಲ್ಲವೆಂಬಂತೆ, ಬಂದು ನಿಂತಿತು. ಮೂರನೆಯ ಸಾಲಿನಲ್ಲಿ ಎರ್ರೆಪ್ಪ, ದೇಶನೂರು, ಆರು ಎಕರೆ.

ಹನ್ನೆರಡು ಮುಕ್ಕಾಲಿಗೆ ಪಟ್ಟಿ ಸಿರುಗುಪ್ಪ ಮುಟ್ಟಿತು. ಒಂದು ಗಂಟೆಗೆ ಮಷಿನ್ನುಗಳು ಗದ್ದೆಗೆ ಇಳಿದವು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಎರ್ರೆಪ್ಪನ ಭತ್ತ ತಾಡಪತ್ರಿಯ ಅಡಿಗೆ ಸೇರಿತ್ತು, ಬುಧವಾರ ಮಳೆ ಬಂತು.

ವೀರಭದ್ರ ಮಾತ್ರ ಕೈಗಡಿಯಾರ ಹಿಂದೆ ತಿರುಗಿಸುವುದನ್ನು ಮರೆತ. ಎರಡು ದಿನ ಠಾಣೆಗೆ ಎಲ್ಲರಿಗಿಂತ ಮೊದಲು ಹೋಗಿ ಸಾಹೇಬರಿಂದ ಭೇಷ್ ಅನ್ನಿಸಿಕೊಂಡ. ಹೆಂಡತಿಯ ತವರಿನವರ ಬಗ್ಗೆ ಆಮೇಲೆ ಅವನು ಕೆಟ್ಟ ಮಾತಾಡಿಲ್ಲ.

ಸಿರುಗುಪ್ಪದಲ್ಲಿ ಈ ಸಂಗತಿ ಬೇರೆ ರೂಪ ತಾಳಿತು. ಒಂದು ಗಂಟೆ ದಾಟಿ ಎಲ್ಲ ಕೈಮೀರಿತ್ತು, ಎರ್ರೆಪ್ಪ ಕಣ್ಣೀರು ಹಾಕಿದ, ಅದನ್ನು ನೋಡಲಾರದೆ ಆಚಾರ್ರು ಕಂಪ್ಯೂಟರಿನಲ್ಲಿ ಏನೋ ಒತ್ತಿ ಕಳೆದುಹೋದ ಇಪ್ಪತ್ತೈದು ನಿಮಿಷವನ್ನು ವಾಪಸ್ ತಂದರು, ಇದಕ್ಕೆ ಪೊಲೀಸರೇ ಸಾಕ್ಷಿ. ವಿರೂಪಮ್ಮ ಇಲ್ಲ ಇಲ್ಲ ಎಂದಷ್ಟೂ ಕಥೆ ಬೆಳೆಯಿತು. ಸುಗ್ಗಿ ಮುಗಿದ ಮೇಲೆ ಕುರುಗೋಡಿನಲ್ಲಿ ಸಂಘದ ಸಭೆ ಕರೆದು, ಎರಡೂ ಊರಿನವರು ಸೇರಿ ಮಧುಸೂದನನಿಗೆ ಶಾಲು ಹೊದಿಸಿದರು.

ಮಧುಸೂದನ ಮೈಕಿನ ಮುಂದೆ ನಿಂತು ಸತ್ಯ ಹೇಳಿದ. ತಪ್ಪು ಮಾಡಿದವನು ನಾನೇ ಎಂದ. ಜನ ಚಪ್ಪಾಳೆ ತಟ್ಟಿದರು. ಬಸ್ಸು ಹಿಡಿಯುವ ಆಸೆಗೆ ಗಡಿಯಾರ ಕೆಡಿಸಿದೆ ಎಂದ. ಎಂಥ ವಿನಯ ಎಂದು ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಡೇಟಾ ಅಧಿಕಾರಿ ಎನ್ನುವ ಹುದ್ದೆಯೇ ನನಗೆ ಇಲ್ಲ ಎಂದ. ಇಷ್ಟು ದಿನ ಇಲ್ಲದಿದ್ದದ್ದು ತಪ್ಪಾಯಿತೆಂದು ಚನ್ನಬಸವ ಅಲ್ಲೇ ಎದ್ದು ಆ ಹುದ್ದೆ ಘೋಷಿಸಿದ, ಸಂಬಳ ಮಾತ್ರ ಹಿಂದಿನದೇ ಎಂದೂ ಹೇಳಿದ. ಸತ್ಯ ಇಷ್ಟು ದುಬಾರಿಯಾಗಿ ಹರಾಜಾಗುವುದನ್ನು ಕಂಡು ಮಧುಸೂದನ ಬಾಯಿ ಮುಚ್ಚಿಕೊಂಡು ಕೂತ.

ನಿಜವನ್ನು ನಿಜವೆಂದು ಕೇಳಿದವನು ಸಭೆಯಲ್ಲಿ ಒಬ್ಬನೇ. ಸಭೆಯ ನಂತರ ಎರ್ರೆಪ್ಪ ಒಂದು ಚೀಲ ಹೊಸ ಅಕ್ಕಿ ಹೊತ್ತು ಮನೆಗೆ ಬಂದ. ಮಧುಸೂದನ ಅವನ ಕೈ ಹಿಡಿದುಕೊಂಡು, ಈ ಅಕ್ಕಿ ತಾನು ಮುಟ್ಟುವಂಥದ್ದಲ್ಲ, ಅವನ ಆರು ಎಕರೆಯನ್ನು ತಾನು ಕೆಸರಿಗೆ ಹಾಕುತ್ತಿದ್ದೆ, ಉಳಿಸಿದವನು ಅವನೇ ಎಂದ. ಎರ್ರೆಪ್ಪ ಚೀಲ ಇಳಿಸಿ ಸುಧಾರಿಸಿಕೊಂಡು ಹೇಳಿದ.

“ತಪ್ಪು ನಿಮ್ದ, ಅದು ನಂಗ ಗೊತ್ತೈತಿ. ಆದ್ರ ನೀವು ಬಾಗಿಲ ಹಾಕ್ಕೊಂಡು ಹೋಗಲಿಲ್ಲ. ನನ್ನ ಎದುರಿಗೇ ಕುಂತು ಬೆವತ್ರಿ. ನನ್ನ ನೆಲ್ಲಿಗೆ ನನ್ನ ಬಿಟ್ಟು ಬ್ಯಾರೇದವರು ಬೆವತದ್ದು ನಾ ಅವತ್ತ ನೋಡಿದ್ದು.”

ಗಂಗಾಬಾಯಿಯವರು ಎರ್ರೆಪ್ಪನಿಗೆ ಕಾಫಿ ಕೊಟ್ಟು, ಮಗ ಈಗ ಮತ್ತೆ ದಿನಾ ಏಳರ ಬಸ್ಸಿಗೆ ಬರುತ್ತಾನೆ, ಕಂಪ್ಯೂಟರಿನ ಗಡಿಯಾರ ಮುಟ್ಟುವ ಹಾಗಿಲ್ಲವಂತೆ ಎಂದು ದೂರಿಕೊಂಡರು. ಎರ್ರೆಪ್ಪ ತಲೆ ಕೆರೆದುಕೊಂಡ. ಹೋಗುವಾಗ ಆ ತಾಯಿಯ ಬಳಿ ಬಾಗಿಲಲ್ಲಿ ನಿಂತು ಏನೋ ಮಾತಾಡಿ ಹೋದ.

ಮರುದಿನ ಸಂಜೆ ಕಚೇರಿಯಲ್ಲಿ ಮಧುಸೂದನನ ಫೋನು ರಿಂಗಾಯಿತು. ದೇಶನೂರಿನಿಂದ ಎರ್ರೆಪ್ಪ. ಹೊಲದ ಕಾಲುವೆಯಲ್ಲಿ ನೀರು ಹರಿಯುವ ಸದ್ದು ಕೇಳುತ್ತಿತ್ತು. “ಸ್ವಾಮಿ, ಟೈಮಾತು. ಏಳ್ರಿ,” ಎಂದು ಇಟ್ಟುಬಿಟ್ಟ. ಮಧುಸೂದನ ಎಲ್ಲ ಬಿಟ್ಟು ಎದ್ದು ಓಡಿದ. ಬಸ್ಸು ಇನ್ನೂ ಬಂದಿರಲಿಲ್ಲ. ಅಂದಿನಿಂದ ಒಂದು ದಿನವೂ ಆ ಫೋನು ತಪ್ಪಿಲ್ಲ. ನಾಟಿಯ ದಿನವೂ ಬಂತು, ಮೊಮ್ಮಗಳ ತೊಟ್ಟಿಲ ದಿನವೂ ಬಂತು.

ಬಸ್‌ಸ್ಟ್ಯಾಂಡಿನಲ್ಲಿ ದಿನಾ ತುಂಬ ಹೊತ್ತು ಕಾಯಬೇಕಾಗುತ್ತದೆ ಎಂಬುದು ಮಧುಸೂದನನಿಗೆ ತಿಳಿಯಲು ಎರಡು ತಿಂಗಳು ಹಿಡಿಯಿತು. ಒಂದು ಸಂಜೆ ಫೋನು ಬಂದಾಗ ಕಂಪ್ಯೂಟರಿನ ಮೂಲೆ ನೋಡಿದ. ಐದು ಗಂಟೆ ಐದು ನಿಮಿಷ.

“ಎರ್ರೆಪ್ಪ, ಇನ್ನೂ ಭಾಳ ಟೈಮ್ ಅದಲ್ಲೋ?”

“ಐತಿ ಸ್ವಾಮಿ,” ಎಂದ ಎರ್ರೆಪ್ಪ. “ಇಪ್ಪತ್ತೈದು ನಿಮಿಷ ಮೊದಲ ಮಾಡು ಅಂತ ತಾಯಾರು ಅವತ್ತ ಹೇಳ್ಯಾರ.”

ಮಧುಸೂದನ ಕಂಪ್ಯೂಟರು ಆರಿಸಿ, ಚಪ್ಪಲಿ ಮೆಟ್ಟಿ, ವೇಳೆ ಗೊತ್ತಿದ್ದೂ ಓಡಿದ. ಕಿಟಕಿ ಪಕ್ಕದ ಸೀಟು ಸಿಕ್ಕಿತು.